ಕ್ಲೀನ್ ಅಂದರೆ ಯಾವ ಕ್ಲೀನ್?

ಉಂಗುರ ಕೊಳ್ಳುವಾಗ ನಾವು ಏನೇನು ಕೇಳುತ್ತೇವೆ? ಬೆರಳಿಗೆ ಸರಿಹೋಗುತ್ತದೆಯೇ, ಕಲ್ಲು ಅಸಲಿಯೇ, ಇನ್ನಷ್ಟು ಕಡಿಮೆ ಮಾಡಿ ಕೊಡುತ್ತೀರಾ. ಅಲ್ಲಿಗೆ ಮುಗಿಯಿತು. ವಜ್ರದ ಕೆಲಸ ಬಲ್ಲವರ ಮನೆಯಲ್ಲೂ ಹೀಗೇ ಆಯಿತು.

ಆ ಮನೆಯ ಅಕ್ಕ ಹದಿನೆಂಟು ವರ್ಷದಿಂದ ವಜ್ರ ಉಜ್ಜುವ ಕಾರ್ಖಾನೆಯಲ್ಲಿ ಕಲ್ಲು ವಿಂಗಡಿಸುವವಳು. ಟೊಮೆಟೊ ಕೊಳ್ಳುವಾಗಲೂ ಒಂದೊಂದನ್ನೇ ತಿರುಗಿಸಿ ನೋಡುವ ಅವಳಿಗೆ ಬೀದಿಯವರು ಭೂತಗನ್ನಡಿ ಅಕ್ಕ ಎಂದೇ ಹೆಸರಿಟ್ಟಿದ್ದರು. ತಮ್ಮನ ಮದುವೆ ಗೊತ್ತಾದಾಗ, ತನ್ನ ಕಾರ್ಖಾನೆಯ ಕಲ್ಲು ಮಾರುವ ಅಂಗಡಿಯಿಂದ ವಜ್ರದ ಉಂಗುರವನ್ನು ಅವಳೇ ಆರಿಸಿ ತಂದಳು.

ತಮ್ಮ ಮೆಚ್ಚಿದ ಹುಡುಗಿಗೆ ಹೊಲಿಗೆ ಅಂಗಡಿಯಲ್ಲಿ ಕೆಲಸ. ಅವಳು ಹುಟ್ಟಿದ್ದು ವಜ್ರ ಸಿಗುವ ಒಂದು ಹೊಳೆಯ ದಡದಲ್ಲಿ. ಅವಳಿಗೆ ಹತ್ತು ವರ್ಷವಾಗಿದ್ದಾಗ ಬಂಡುಕೋರರು ಬಂದೂಕು ಹಿಡಿದು ಆ ದಡವನ್ನು ವಶಮಾಡಿಕೊಂಡರು. ಮರಳು ಜಾಲಿಸಲು ಅವಳ ಅಪ್ಪನನ್ನು ಎಳೆದೊಯ್ದರು. ಅವನು ತಿರುಗಿ ಬರಲಿಲ್ಲ. ತಾಯಿ ಮಗಳು ಗಡಿ ದಾಟಿ ಈ ಊರು ಸೇರಿದರು. ಉಂಗುರ ಕಂಡಾಗ ಹುಡುಗಿ ಕೇಳಿದ್ದು ಒಂದೇ ಮಾತು.

"ಅಕ್ಕಾ, ಕಲ್ಲು ಕ್ಲೀನ್ ತಾನೇ?"

"ನಾನೇ ನೋಡಿದ್ದೀನಲ್ಲಮ್ಮ. ಪಕ್ಕಾ ಕ್ಲೀನ್."

ಹುಡುಗಿ ಕಣ್ಣೊರೆಸಿಕೊಂಡು ಉಂಗುರ ತೊಟ್ಟಳು. ಅವಳೇಕೆ ಅತ್ತಳೆಂದು ಅಕ್ಕನಿಗೆ ತಿಳಿಯಲಿಲ್ಲ. ಅವಳ ಕಾರ್ಖಾನೆಯಲ್ಲಿ ಕ್ಲೀನ್ ಎಂದರೆ ಒಳಗೆ ಚುಕ್ಕೆ, ಬಿರುಕು ಇಲ್ಲದ ಕಲ್ಲು, ಅಷ್ಟೇ.

ಒಂದು ಸಂಜೆ ಚಹಾ ಕುಡಿಯುತ್ತಾ ಅಕ್ಕ ಕೆಲಸದ ಬಡಾಯಿ ಕೊಚ್ಚುತ್ತಿದ್ದಳು. ಹತ್ತು ಕಡೆಯಿಂದ ಬಂದ ಪೊಟ್ಟಣಗಳನ್ನು ಒಂದೇ ತಟ್ಟೆಗೆ ಸುರಿಯುತ್ತಾರಂತೆ, ಬಣ್ಣ ಗಾತ್ರ ನೋಡಿ ಬೇರೆ ಮಾಡುವುದರಲ್ಲಿ ತನ್ನನ್ನು ಮೀರಿಸುವವರಿಲ್ಲವಂತೆ. ಹುಡುಗಿ ಬೆರಳಿನ ಉಂಗುರದ ಕಡೆ ನೋಡಿದಳು. ಹಾಗಾದರೆ ಈ ಕಲ್ಲು ನಮ್ಮ ದಡದ್ದಲ್ಲ ಎಂದು ಹೇಗೆ ಹೇಳಿದಿರಿ ಎಂದು ಕೇಳಿದಳು.

ಅಕ್ಕ ಮೊದಲು ಒಪ್ಪಲಿಲ್ಲ. ಸರ್ಕಾರದ ಕಾಗದ ಇಲ್ಲದೆ ಮಾಲೇ ಬರುವುದಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದಳು. ಹುಡುಗಿ ಬಿಡಿಸಿ ಹೇಳಿದಳು. ಬಂಡುಕೋರರು ಯುದ್ಧದ ಖರ್ಚಿಗೆ ಮಾರುವ ಕಚ್ಚಾ ವಜ್ರಕ್ಕೆ ಸಂಘರ್ಷ ವಜ್ರ ಎಂದು ಹೆಸರು. ಆ ಕಾಗದ ಇರುವುದು ಅದನ್ನು ತಡೆಯಲು ಮಾತ್ರ. ಸೈನಿಕರೋ ಗಣಿ ಕಾವಲಿನವರೋ ಜನರನ್ನು ಹೊಡೆದು ತೆಗೆಸಿದರೆ ಆ ಹೆಸರು ಅದಕ್ಕೆ ತಗಲುವುದಿಲ್ಲ. ಎಲ್ಲವನ್ನೂ ಸೇರಿಸಿ ರಕ್ತ ವಜ್ರ ಎನ್ನುವವರು ಜನ. ಕಾಗದವೂ ಕಚ್ಚಾ ಕಲ್ಲಿನ ಪೊಟ್ಟಣಕ್ಕೇ ಹೊರತು ಉಂಗುರದ ಕಲ್ಲಿಗಲ್ಲ. ಅಂಗಡಿಯ ಬಿಲ್ಲಿನಲ್ಲಿರುವ ಸಂಘರ್ಷಮುಕ್ತ ಎಂಬುದು ಮಾರುವವನ ಮಾತು. ಗಣಿಯ ಕಲ್ಲು ಬೇಡವೆನ್ನುವವರು ಕೊಳ್ಳುವ, ಪ್ರಯೋಗಾಲಯದಲ್ಲಿ ಬೆಳೆಸಿದ್ದೂ ನಿಜವಾದ ವಜ್ರವೇ, ಮಣ್ಣಿನಿಂದ ಬಂದದ್ದಲ್ಲ ಅಷ್ಟೇ.

ಅಕ್ಕ ಚಹಾದ ಲೋಟ ಕೆಳಗಿಟ್ಟಳು.

"ಹಾಗಾದ್ರೆ ಇಷ್ಟು ವರ್ಷ ಕಲ್ಲು ಎಲ್ಲಿಂದ ಬಂತು ಅನ್ನೋ ಗುರುತು ಅಳಿಸ್ತಾ ಕೂತಿದ್ದೋಳು ನಾನೇ."

"ನೀವು ಸುಳ್ಳು ಹೇಳ್ಲಿಲ್ಲ ಅಕ್ಕಾ. ನಾನು ಕೇಳಿದ್ದೇ ಬೇರೆ."

ಉಂಗುರ ಅಂಗಡಿಗೆ ವಾಪಸಾಯಿತು. ವಜ್ರವೇ ಬೇಡವೆಂದು ತಮ್ಮನೂ ಅಂದ. ಮರುದಿನವೇ ಆ ಉಂಗುರ ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುತ್ತಿತ್ತು, ವಾರದೊಳಗೆ ಇನ್ಯಾರದೋ ಕೈ ಸೇರಿತು. ಪೊಟ್ಟಣ ಎಲ್ಲಿಯದು ಎಂದು ಅಕ್ಕ ಕಾರ್ಖಾನೆಯ ಮಾಲೀಕನನ್ನು ಕೇಳಿದಳು. ನಿನಗ್ಯಾಕೆ ಆ ಉಸಾಬರಿ ಎಂದು ಅವನು ತಟ್ಟೆಗೆ ಕಲ್ಲು ಸುರಿದ. ಹೊಟ್ಟೆಪಾಡು, ಅವಳು ಇನ್ನೂ ಅಲ್ಲೇ ವಿಂಗಡಿಸುತ್ತಿದ್ದಾಳೆ. ಕಲ್ಲು ಮುಟ್ಟಲು ಈಗ ಅವಳಿಗೆ ಭಯ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ವಜ್ರ ಕೊಳ್ಳುವ ಮುನ್ನ ಯಾವ ದೇಶದ್ದು, ಯಾವ ಗಣಿಯದು ಎಂದು ಕೇಳಿ. ಬರೆದು ಕೊಡಿ ಎನ್ನಿ. ಕೊಡದಿದ್ದರೆ ಎದ್ದು ಬನ್ನಿ. ನೀವು ಕೇಳಿದ ಮಾತ್ರಕ್ಕೆ ಆ ಹುಡುಗಿಯ ಅಪ್ಪ ಬರುವುದಿಲ್ಲ, ಅದು ನಮಗೂ ಗೊತ್ತು. ಆದರೆ ಈ ಹೊತ್ತು ಯಾವುದೋ ಹೊಳೆಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತವನೊಬ್ಬನಿದ್ದಾನೆ. ಅವನ ದಾರಿ ಕಾಯುತ್ತಾ ಅವನ ಮನೆಯವರು ಇನ್ನೂ ಬಾಗಿಲು ಹಾಕಿಲ್ಲ. ಅವರಿಗೋಸ್ಕರ ಕೇಳಿ.