ಕೆಳಗಿನ ಬಿಜಾಗರಿ

ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವನ ಕಣ್ಣಿಗೆ ಬೀದಿ ಬೇರೆ ಥರ ಕಾಣುತ್ತದೆ. ನೀವು ಮನೆ ನೋಡುತ್ತೀರಿ, ನಾನು ಕಿಟಕಿಯ ಸರಳು ಎಲ್ಲಿ ಕೂಡಿದೆ ಅಂತ ನೋಡುತ್ತೇನೆ. ಗ್ರಿಲ್ಲಿನ ಹನ್ನೆರಡು ಹೂಗಳಲ್ಲಿ ಒಂದನ್ನು ಯಾವನೋ ತಲೆಕೆಳಗಾಗಿ ಕೂರಿಸಿರುತ್ತಾನೆ, ಆ ಮನೆಯವರಿಗೇ ಗೊತ್ತಿರುವುದಿಲ್ಲ. ಅಂಗಡಿಯ ಶಟರಿನಲ್ಲಿ ದಿನಾ ಕೈ ಹಾಕುವ ಜಾಗದ ಬಣ್ಣ ಮಾತ್ರ ಹೋಗಿ ಕಬ್ಬಿಣ ಹೊಳೆಯುತ್ತಿರುತ್ತದೆ. ಇಂಥದ್ದೊಂದು ಕಂಡರೆ ಸಾಕು, ನನಗೆ ಅವತ್ತು ಊಟವೂ ಬೇಡ. ಬೀದಿಯಲ್ಲಿ ಏನು ಗಂಟು ಇಟ್ಟಿದ್ದೀರಿ ಅಂತ ಹೆಂಡತಿ ಬೈಯುತ್ತಾಳೆ. ಬೈಯಲಿ.

ಅವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ನೆಲದ ಮೇಲಿನ ಒಂದು ಗೀರು. ದೊಡ್ಡ ಮನೆಯೊಂದರ ಮುಂದೆ, ಸಿಮೆಂಟಿನಲ್ಲಿ, ಅರ್ಧಚಂದ್ರದ ಹಾಗೆ ಹೊಸದಾಗಿ ಕೆರೆದಿತ್ತು. ಗೇಟು ಜಗ್ಗಿದೆ ಅಂತ ಅರ್ಥ. ಕುಕ್ಕರಗಾಲಲ್ಲಿ ಕೂತು, ಗೇಟನ್ನು ಕಂಬಕ್ಕೆ ಹಿಡಿದಿಡುವ ಎರಡು ಬಿಜಾಗರಿಗಳಲ್ಲಿ ಕೆಳಗಿನದರ ಅಡಿಗೆ ಬೆರಳು ತೂರಿಸಿದೆ. ಯಾರೂ ಬಗ್ಗಿ ನೋಡುವುದಿಲ್ಲ ಅಂತ ಮೈಗಳ್ಳರು ಕೆಲಸ ಅರ್ಧಕ್ಕೆ ಬಿಡುವುದು ಅಲ್ಲೇ. ವೆಲ್ಡಿಂಗ್ ಪೂರ್ತಿ ಬಿಟ್ಟುಹೋಗಿತ್ತು. ಮೇಲಿನದೂ ಬಿರುಕು ಬಿಟ್ಟಿತ್ತು. ಅಷ್ಟು ಭಾರದ ಗೇಟು ಬರೀ ಬಣ್ಣದ ದಯೆಯಿಂದ ನಿಂತಿತ್ತು.

ಒಳಗೆ ಬಿಸಿಲಿಗೆ ಮೈ ಕಾಯಿಸುತ್ತಾ ಕೂತಿದ್ದ ಅಜ್ಜಿ ನನ್ನ ಕೈ ನೋಡಿ ಕಳ್ಳ ಕಳ್ಳ ಅಂತ ಕಿರುಚಿದರು. ಹೋದ ವಾರ ಆ ಬೀದಿಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದ್ದರಂತೆ. ಪಕ್ಕದ ಚಿಕ್ಕ ಬಾಗಿಲಿನಿಂದ ಅಜ್ಜಿಯ ಮಗ ಹೊರಗೆ ಬಂದ, ಎದುರು ಮನೆಗಳಿಂದ ನಾಲ್ಕು ಜನ ಬಂದರು.

ಗೇಟು ಬೀಳುತ್ತೆ ಸ್ವಾಮಿ ಅಂದೆ. ಮೊದಲು ನಿನ್ನ ಹಲ್ಲು ಬೀಳುತ್ತೆ ನೋಡೋ ಅಂದ ಮಗ. ಎರಡು ಬಿದ್ದವು. ದಾರಿಯಲ್ಲಿ ಬೈಕು ನಿಲ್ಲಿಸಿ ಬಂದವನೊಬ್ಬ ಹೆಲ್ಮೆಟ್ಟಿನಿಂದ ಮೂಗಿಗೆ ಕೊಟ್ಟ, ಮೂಳೆ ಮುರಿದ ಸದ್ದು ನನ್ನ ತಲೆಯೊಳಗೇ ಕೇಳಿತು. ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದರು. ಬಿಜಾಗರಿ, ಬಿಜಾಗರಿ ಅಂತ ಒದರಿದೆ. ಬಾಯ್ತುಂಬ ರಕ್ತ, ನನಗೇ ಅರ್ಥವಾಗಲಿಲ್ಲ.

ಅಷ್ಟರಲ್ಲಿ ನಾನು ಒದೆ ತಿನ್ನುವುದು ಚೆನ್ನಾಗಿ ಕಾಣಲಿ ಅಂತ ಅಜ್ಜಿ ಒಳಗಿನಿಂದ ಎದ್ದು ಬಂದು ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದುಕೊಂಡರು.

"ನನ್ನ ಪರವಾಗಿ ಇನ್ನೆರಡು ಹಾಕೋ ಮಗನೇ," ಅಂತ ಹುರುಪಿನಲ್ಲಿ ಗೇಟನ್ನು ಅಲ್ಲಾಡಿಸಿದರು.

ಮೇಲಿನ ಬಿರುಕು ಬೆರಳಗಲ ಬಾಯಿ ಬಿಟ್ಟಿತು. ಗೇಟು ಒಳಕ್ಕೆ ವಾಲಿತು. ಬಿದ್ದರೆ ಅಜ್ಜಿ ಅಲ್ಲೇ ಮುಗಿದರು. ಮುಗಿಯಲಿ ಅಂತ ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಕೇಳಬೇಕಲ್ಲ. ತೆವಳಿಕೊಂಡು ಎದ್ದು ಸರಳು ಹಿಡಿದು ನನ್ನ ಕಡೆಗೆ ಜಗ್ಗಿದೆ. ರಕ್ತದ ಮುಖ ಹತ್ತಿರ ಬಂದದ್ದೇ ಅಜ್ಜಿ ಹೆದರಿ ಕೈಬಿಟ್ಟು ಹಿಂದೆ ಸರಿದರು. ಮುದುಕಿಯ ಮೇಲೆ ಬೀಳ್ತಿದ್ದಾನೆ ಅಂತ ಹೆಲ್ಮೆಟ್ಟಿನವನು ನನ್ನ ಬಲಗೈ ಬೆರಳುಗಳನ್ನು ಸರಳಿಗೆ ಜಜ್ಜತೊಡಗಿದ. ಒಂದು, ಎರಡು, ಮೂರು ಏಟು. ನಾನು ಬಿಡಲಿಲ್ಲ. ಎರಡೂ ಬಿಜಾಗರಿ ಕಿತ್ತು ಗೇಟು ಹೊರಕ್ಕೆ, ನನ್ನ ಮೇಲೇ ಬಿತ್ತು. ಉಳಿದವರು ಹಾರಿ ತಪ್ಪಿಸಿಕೊಂಡರು.

ನಾಲ್ಕು ಜನ ಸೇರಿ ಗೇಟು ಎತ್ತಿದರು. ನನ್ನ ಕಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಒಬ್ಬ ಬಗ್ಗಿ ಕಿತ್ತ ಬಿಜಾಗರಿ ನೋಡಿ ಮಗನಿಗೆ ತೋರಿಸಿದ. ಇನ್ನೊಬ್ಬ ನೀರು ತಂದ. ಇಷ್ಟು ಹೊತ್ತು ಲೋ ಅನ್ನುತ್ತಿದ್ದ ಮಗ ಪಕ್ಕದಲ್ಲಿ ಕೂತು, ನನ್ನ ತಲೆ ಎತ್ತಿ ಹಿಡಿದು, ಮೆಲ್ಲಗೆ ಕೇಳಿದ.

"ಇದನ್ನ ಮೊದಲೇ ಹೇಳೋದಲ್ವೇನ್ರೀ?"

ಬಲಗೈ ಹೋಗಿತ್ತು. ಎಡಗೈ ನೆಟ್ಟಗಿತ್ತು. ಅವನ ಕನ್ನಡಕ ಚರಂಡಿಗೆ ಹಾರುವ ಹಾಗೆ ಕಪಾಳಕ್ಕೆ ಬಿಗಿದೆ. ಯಾರೂ ತಡೆಯಲಿಲ್ಲ. ಬೀದಿ ಅಲೆದು ಇಷ್ಟು ವರ್ಷ ಪಟ್ಟ ಖುಷಿಯೆಲ್ಲ ಸೇರಿದರೂ ಆ ಒಂದು ಏಟಿನಷ್ಟು ಆಗಲಿಕ್ಕಿಲ್ಲ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.