ಚಪ್ಪಲಿ ಬಿಟ್ಟು ಇಳಿದವರು

ಕುಂದಗೋಳದ ಹಳೆ ಹತ್ತಿ ಗೋದಾಮು ಈಗ ಕಲಾ ಮ್ಯೂಸಿಯಂ ಆಗಿದೆ. ಮೂರೇ ಕೋಣೆ. ಅಲ್ಲಿನ ಮಕ್ಕಳ ಗೋಡೆಗೆ ನನ್ನ ಮೊಮ್ಮಗಳು ಸೌಂದರ್ಯಾ ಬರೆದ ಎತ್ತಿನ ಚಿತ್ರವನ್ನು ಆರಿಸಿದ್ದರು. ಗೋಡೆಗೆ ಏರುವುದನ್ನು ಕಣ್ಣಾರೆ ನೋಡಬೇಕೆಂದು ಎಂಟು ದಿನದಿಂದ ಜೀವ ತಿಂದಿದ್ದಳು. ಅವಳನ್ನೂ ಬಾಜು ಮನೆಯ ಶಿಶಿರನನ್ನೂ ಕರೆದುಕೊಂಡು ಯರಗುಪ್ಪಿಯಿಂದ ಬಸ್ಸಿಗೆ ಬಂದೆ.

ಚಿತ್ರವನ್ನು ಮೇಲ್ವಿಚಾರಕ ಪಾಂಡುರಂಗರ ಕೈಗೆ ಕೊಟ್ಟು ನಡುಕೋಣೆಗೆ ಹೋದೆವು. ನೆಲದ ತುಂಬ ಎರೆಮಣ್ಣು ಹರವಿದ್ದರು. ಗೋಡೆಯ ಚೀಟಿಯನ್ನು ನಾನು ಅಕ್ಷರ ಕೂಡಿಸಿ ಓದಿದೆ. ರಾತ್ರಿ ಶಾಲೆಯ ಓದು, ಅವಸರ ಮಾಡುವುದಿಲ್ಲ. ‘ಮನುಷ್ಯನ ಹೆಜ್ಜೆ ಕಾಣದ ನೆಲ’ ಎಂದಿತ್ತು. ತಿರುಗಿ ನೋಡಿದರೆ ಇಬ್ಬರೂ ಚಪ್ಪಲಿ ಬಿಟ್ಟು ಮಣ್ಣಿನ ನಡುವೆ ನಿಂತಿದ್ದರು.

ಪಾಂಡುರಂಗ ಓಡಿ ಬಂದರು. “ಏನ್ ಮಾಡಿದ್ರಿ ಇದು? ಇದು ಕಲಾಕೃತಿ ಅದ, ತುಳಿಯೂದಲ್ಲ.”

“ಹೊಲಾ ಅಂದ್ಕೊಂಡ್ವಿರಿ,” ಎಂದಳು ಸೌಂದರ್ಯಾ. “ಚಪ್ಪಲ್ ಬಿಟ್ಟೇವಿ ನೋಡ್ರಿ.”

ಪಾಂಡುರಂಗ ಸಂದರ್ಶಕರ ಪುಸ್ತಕ ತಂದು ಅವಳ ಮುಂದೆ ಹಿಡಿದರು. “ತಪ್ಪಾತು ಅಂತ ಈ ಪುಸ್ತಕದಾಗ ಬರಿ. ಇಲ್ಲಾಂದ್ರ ನಿನ್ನ ಚಿತ್ರಾ ಗೋಡಿಗೆ ಏರೂದಿಲ್ಲ.”

ಹುಡುಗಿ ಮಣ್ಣಿನಿಂದ ಆಚೆ ಬಂದು ಪೆನ್ನು ಹಿಡಿದಳು.

“ತಡಿ ಬೇ,” ಎಂದು ನಾನೂ ಚಪ್ಪಲಿ ಬಿಟ್ಟು ಮಣ್ಣಿಗಿಳಿದೆ.

“ಅಮ್ಮಾರ, ನಿಮ್ಮ ವಯಸ್ಸಿಗಾದ್ರೂ...”

“ವಯಸ್ಸಿನ ಮಾತು ಬಸ್ಸಿನ್ಯಾಗ ಸೀಟ್ ಬಿಡೂವಾಗ ಆಡ್ರಿ.” ಬಗ್ಗಿ, ಮಣ್ಣಿನೊಳಗಿಂದ ಬೇರುಸಹಿತ ಒಂದು ಮೋಟು ಕಿತ್ತು ತೋರಿಸಿದೆ. “ಇದೇನ್ರಿ?”

“ಕಡ್ಡಿ.”

“ಜ್ವಾಳದ ಕೂಳಿ, ಕೊಯ್ದ ಮ್ಯಾಲ ಉಳದದ್ದು. ಬಿತ್ತಿದವರು, ಕಳೆ ತಗದವರು, ಕೊಯ್ದವರು, ಎಲ್ಲಾರೂ ತುಳದ ಮಣ್ಣಿದು. ಹೆಜ್ಜೀನ ಬಿದ್ದಿಲ್ಲ ಅಂತ ಚೀಟಿ ಹಚ್ಚೀರಿ. ಮೊದಲ ನೀವು ತಪ್ಪಾತು ಅಂತ ಬರೀರಿ, ಆಮ್ಯಾಲೆ ಹುಡುಗೂರು ಬರೀತಾವ.”

“ಚೀಟಿ ನಾ ಬರದದ್ದಲ್ರಿ. ನಮಗ ನಿಯಮ ಇರ್ತಾವ.”

“ನಮಗೂ ಅದಾವ. ಬಿತ್ತೂ ಮಣ್ಣಿಗೆ ಚಪ್ಪಲ್ ಹಾಕ್ಕೊಂಡು ಇಳೀಬಾರದು ಅಂತ ಇವಕ್ಕ ಕಲಿಸಿದಾಕಿ ನಾನ.”

ಸೌಂದರ್ಯಾ ಪೆನ್ನು ಕೆಳಗಿಟ್ಟಳು. “ನನ್ನ ಚಿತ್ರಾ ಕೊಡ್ರಿ. ನಮ್ಮ ಎತ್ತೂ ಹೊಲಾ ತುಳದಾವು.”

ಶಿಶಿರ ಕಿಸಕ್ಕನೆ ನಕ್ಕ. ಪಾಂಡುರಂಗ ನಗಲಿಲ್ಲ, ಚಿತ್ರ ತಂದುಕೊಟ್ಟರು. ಆಕೆ ಅದನ್ನು ಸುರುಳಿ ಸುತ್ತಿ ಎದೆಗೆ ಒತ್ತಿ ಹಿಡಿದಳು.

ಆ ಪುಸ್ತಕದಲ್ಲಿ ನಾನೇ ಬರೆದೆ: ‘ಸೌಂದರ್ಯಾ, ಶಿಶಿರ, ನೀಲಕ್ಕ. ಚಪ್ಪಲಿ ಬಿಟ್ಟು ತುಳಿದಿದ್ದೇವೆ.’

“ಮಾಳಪ್ಪ, ಆ ಹೆಜ್ಜಿ ಅಳಸು,” ಎಂದು ಪಾಂಡುರಂಗ ಕಾವಲುಗಾರನನ್ನು ಕೂಗಿದರು.

ಮಾಳಪ್ಪ ಕಸಬರಿಗೆ ಹಿಡಿದು ಬಂದ. ಮಣ್ಣಿನ ಅಂಚಿನಲ್ಲಿ ನಿಂತು ಒಮ್ಮೆ ನಮ್ಮ ಕಾಲು ನೋಡಿದ. ಆಮೇಲೆ ತನ್ನ ಎರಡೂ ಚಪ್ಪಲಿ ಕಳಚಿ, ಗೋಡೆಗೆ ಒತ್ತಿ ಇಟ್ಟು, ಒಳಗೆ ಇಳಿದ.