ಭಾವನ ಕಾಲಿನ ಹೊಲಿಗೆ

ಆಸ್ಪತ್ರೆಯಲ್ಲಿ ಅವರಿಗೆ ‘ತೊಳೆಯೋ ಡಾಕ್ಟರು’ ಎಂದು ಹೆಸರು ಬಿದ್ದಿತ್ತು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಕರೆಯದವರೂ ಇರಲಿಲ್ಲ. ಮೂಳೆ ಮುರಿದು ಚರ್ಮ ಸೀಳಿಕೊಂಡು ಬಂದವರು ಯಾರೇ ಆಗಲಿ, ಮೊದಲು ಸಲೈನ್ ಸುರಿದು ಸುರಿದು ಗಾಯ ತೊಳೆಯಬೇಕು. ಮಣ್ಣು, ಬಟ್ಟೆಯ ಎಳೆ, ರಸ್ತೆಯ ಎಣ್ಣೆ ಎಲ್ಲ ಹೋಗಬೇಕು. ಜೀವವಿಲ್ಲದ ಮಾಂಸವನ್ನು ದಾಕ್ಷಿಣ್ಯ ನೋಡದೆ ಕತ್ತರಿಸಬೇಕು. ಮೂಳೆ ಅಲುಗಾಡದಂತೆ ಹೊರಗಿನಿಂದ ಸರಳು ಕೊಟ್ಟು, ಗಾಯವನ್ನು ಹೊಲಿಯದೆ ತೆರೆದೇ ಇಟ್ಟು, ಮೇಲೆ ಬರೀ ಡ್ರೆಸಿಂಗ್ ಹಾಕಬೇಕು. ಒಂದೆರಡು ದಿನ ಬಿಟ್ಟು ಮತ್ತೆ ಥಿಯೇಟರಿಗೆ ಒಯ್ದು ನೋಡಿ, ಒಳಗೆಲ್ಲ ಚೊಕ್ಕಟವಾಗಿದ್ದರೆ ಆಮೇಲೆ ಮುಚ್ಚುವ ಮಾತು. “ಕೊಳೆ ಒಳಗಿಟ್ಟು ಬಾಗಿಲು ಹಾಕಬೇಡಿ” ಎಂದು ಅವರು ಹೇಳಿದ್ದನ್ನೇ ಹೇಳಿ, ಕಿರಿಯ ಡಾಕ್ಟರುಗಳು ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಿದ್ದರಂತೆ.

ಹಿಂದಿನ ವಾರವಷ್ಟೇ ಒಬ್ಬ ಕಿರಿಯ ಡಾಕ್ಟರಮ್ಮ ಇಂಥ ಗಾಯಕ್ಕೆ ಎರಡು ಹೊಲಿಗೆ ಹಾಕಿದ್ದಕ್ಕೆ, ಇಡೀ ವಾರ್ಡಿನ ಎದುರು ಆಕೆಯ ನೀರಿಳಿಸಿದ್ದರು. ಪಾಪ, ಆ ಹುಡುಗಿ ತುಟಿ ಕಚ್ಚಿಕೊಂಡು ನಿಂತಿದ್ದಳು.

ಇಂಥ ಡಾಕ್ಟರಿಗೆ ಒಬ್ಬ ಭಾವ, ಅಕ್ಕನ ಗಂಡ. ಕಸುಬಿನಲ್ಲಿ ದರ್ಜಿ. ಬಾಮೈದನಿಗೆ ಶಾಲೆಯ ಚಡ್ಡಿ ಹೊಲಿದುಕೊಟ್ಟವರು ಅವರೇ, ಮೆಡಿಕಲ್ ಕಾಲೇಜಿಗೆ ಸೇರಿದ ಮೇಲೆ ಚಿಂದಿ ಬಟ್ಟೆ ಕೊಟ್ಟು ಸೂಜಿ ಹಿಡಿಯಲು ಕಲಿಸಿದವರೂ ಅವರೇ. ಹುಡುಗ ಓದಿ ದೊಡ್ಡ ಸರ್ಜನ್ ಆದರೂ ಭಾವನ ಬಾಯಲ್ಲಿ ಅದೇ ಮಾತು. “ಮೂಳೆ ಏನೋ ಕೂಡಿಸ್ತೀಯಪ್ಪ, ಹೊಲಿಗೆ ಮಾತ್ರ ಗೋಣಿಚೀಲ ಹೊಲಿದ ಹಾಗೆ.” ಮನೆಮಂದಿಯೆಲ್ಲ ನಗುತ್ತಿದ್ದರು. ಡಾಕ್ಟರೂ ನಗುತ್ತಿದ್ದರು. ತಲೆ ನರೆತ ಗಂಡಸಿಗೂ ಭಾವನ ಕೈಯಲ್ಲಿ ಒಮ್ಮೆ ಶಭಾಷ್ ಅನ್ನಿಸಿಕೊಳ್ಳುವ ಆಸೆ ಇರುತ್ತದೆ ಎಂದು ಯಾರಿಗೆ ತಾನೇ ಹೊಳೆಯಬೇಕು?

ಒಂದು ಬೆಳಿಗ್ಗೆ ಆ ಭಾವನನ್ನೇ ಸ್ಟ್ರೆಚರಿನಲ್ಲಿ ತಂದರು. ಅಂಗಡಿಗೆ ಹೊರಟಿದ್ದ ಸ್ಕೂಟರಿಗೆ ಲಾರಿ ತಗುಲಿ ಚರಂಡಿಗೆ ಬಿದ್ದಿದ್ದರು. ಬಲಗಾಲಿನ ಮೂಳೆ ಮುರಿದು, ಚರ್ಮ ಹರಿದು ಹೊರಗೆ ಇಣುಕುತ್ತಿತ್ತು. ಗಾಯದ ತುಂಬ ಕಪ್ಪು ಕೆಸರು. ಹೊಲಿಗೆ ಮಷೀನು ತುಳಿಯುವ ಕಾಲು ಅದು.

ಅಕ್ಕ ಬಾಗಿಲ ಬಳಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಭಾವ ನೋವಿನಲ್ಲೇ ಹಲ್ಲು ಕಿರಿದರು. “ಇವತ್ತು ಗೊತ್ತಾಗುತ್ತೆ ಬಿಡು, ನಿನ್ನ ಹೊಲಿಗೆ ಹಣೆಬರಹ.”

ಥಿಯೇಟರಿನಲ್ಲಿ ಆಂಟಿಬಯಾಟಿಕ್ ಕೊಟ್ಟಾಗಿತ್ತು. ಡಾಕ್ಟರು ತೊಳೆದರು, ಮತ್ತೂ ತೊಳೆದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಮೂಳೆಯ ಪಕ್ಕದ ಒಂದಿಷ್ಟು ಮಾಂಸದ ಬಣ್ಣ ಮಾತ್ರ ಅನುಮಾನ ಹುಟ್ಟಿಸುವಂತಿತ್ತು. ಬೇರೆಯವರ ಕಾಲಾಗಿದ್ದರೆ ಕಣ್ಣು ಮುಚ್ಚಿ ಕತ್ತರಿಸುತ್ತಿದ್ದರು. ಭಾವನ ಕಾಲೆಂದು ಕೈ ಹಿಂಜರಿಯಿತು, ಉಳಿಸಿದರು. ಸರಳು ಕೂರಿಸಿದ ಮೇಲೆ ಕೈ ಚಾಚಿ ಸೂಜಿ ಕೇಳಿದರು.

ಎದುರಿಗೆ ನಿಂತಿದ್ದವಳು ಅದೇ ಕಿರಿಯ ಡಾಕ್ಟರಮ್ಮ. “ಸಾರ್, ಮುಚ್ತಿದ್ದೀರಾ?”

“ಚೆನ್ನಾಗಿ ತೊಳೆದಾಗಿದೆ.”

“ಅಲ್ಲ ಸಾರ್, ಚರಂಡಿ ನೀರು...”

“ತೊಳೆದಾಗಿದೆ ಅಂದ್ನಲ್ಲ.”

ಆಕೆ ಸೂಜಿಯನ್ನು ಅವರ ಕೈಗಿಟ್ಟಳು. ಡಾಕ್ಟರು ಹೊಲಿದರು. ಜನ್ಮದಲ್ಲಿ ಅಷ್ಟು ಅಂದವಾಗಿ ಹೊಲಿದಿರಲಿಲ್ಲ. ಅಳತೆಪಟ್ಟಿ ಇಟ್ಟು ನೋಡಿದರೂ ಒಂದೆಳೆ ಹೆಚ್ಚುಕಡಿಮೆ ಇರಲಿಲ್ಲ. ಕೈಗವಸು ಕಳಚುವಾಗ ಅವರಿಗೆ ಖುಷಿಯಾಗಿತ್ತು. ಆ ಖುಷಿಯನ್ನು ನೆನೆದರೆ ಈಗಲೂ ಅವರ ಕಿವಿ ಬಿಸಿಯಾಗುತ್ತದೆ.

ಮೊದಲ ಡ್ರೆಸಿಂಗಿನ ದಿನ ಭಾವ ಕತ್ತು ಎತ್ತಿ ನೋಡಿದರು. ತುಂಬ ಹೊತ್ತು ನೋಡಿದರು. “ನನ್ನ ಹತ್ರ ಕಲಿತವನು ಅಂತ ಇನ್ನು ಧೈರ್ಯವಾಗಿ ಹೇಳ್ಕೋಬಹುದು” ಎಂದರು. ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರೇ ಇಲ್ಲ. ನೋಡಲು ಬಂದವರಿಗೆಲ್ಲ ಬ್ಯಾಂಡೇಜಿನ ಅಂಚು ಎತ್ತಿ ತೋರಿಸುವುದೇ ಕೆಲಸ. “ನಮ್ಮ ಬಾಮೈದ. ಕೈ ನೋಡಿ ಹೇಗಿದೆ.”

ನಾಲ್ಕು ದಿನ ಕಳೆಯುವುದರೊಳಗೆ ಜ್ವರ ಬಂತು. ಹೊಲಿಗೆಯ ಸುತ್ತ ಚರ್ಮ ಕೆಂಪಾಗಿ, ಬಿಗಿದು, ಹೊಳೆಯತೊಡಗಿತು. ಡಾಕ್ಟರು ಬ್ಯಾಂಡೇಜು ಬಿಚ್ಚಿದಾಗ ಮೂಗಿಗೆ ಬಡಿದ ವಾಸನೆ ಯಾವುದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕ ಗಂಡನ ಮೇಲೆ ಹರಿಹಾಯ್ದಳು. “ಮುಟ್ಟಬೇಡಿ, ಮುಟ್ಟಬೇಡಿ ಅಂತ ಬಡ್ಕೊಂಡೆ. ಕಂಡೋರಿಗೆಲ್ಲ ಬಿಚ್ಚಿ ತೋರಿಸಿ ಕೀವು ಮಾಡ್ಕೊಂಡ್ರಿ. ನೀನಾದ್ರೂ ಹೇಳೋ ಇವ್ರಿಗೆ.”

ಡಾಕ್ಟರ ಎದೆಯಲ್ಲಿ ನಿಜ ಇತ್ತು, ಗಂಟಲವರೆಗೂ ಬಂತು. ಬಾಗಿಲಲ್ಲಿ ಕಿರಿಯ ಡಾಕ್ಟರಮ್ಮ ನಿಂತಿದ್ದಳು. ಅವರ ಬಾಯಿಂದ ಹೊರಬಿದ್ದದ್ದು ಇಷ್ಟೇ: “ಗಾಯ ಮುಟ್ಟಬಾರದು ಭಾವ.”

ಮಾತೇನೋ ಸುಳ್ಳಲ್ಲ. ಅದಕ್ಕೇ ಅದು ಸುಳ್ಳಿಗಿಂತ ಹೊಲಸಾಗಿತ್ತು. ಭಾವ ಶಾಲೆಯಲ್ಲಿ ಬೈಸಿಕೊಂಡ ಹುಡುಗನ ಹಾಗೆ ಎರಡೂ ಕೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡರು. ಡಾಕ್ಟರಮ್ಮ ತಿರುಗಿ ಹೋದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಡಾಕ್ಟರಿಗೆ.

ಆ ದಿನವೇ ಥಿಯೇಟರಿನಲ್ಲಿ ತಾವು ಹಾಕಿದ ಹೊಲಿಗೆಯನ್ನು ಒಂದೊಂದಾಗಿ ತಾವೇ ಕತ್ತರಿಸಿದರು. ಒಳಗೆ ಉಳಿಸಿದ್ದ ಆ ಮಾಂಸ ಬೂದು ಬಣ್ಣಕ್ಕೆ ತಿರುಗಿ ಕೊಳೆತಿತ್ತು, ಕೀವು ಮೂಳೆಯವರೆಗೂ ಇಳಿದಿತ್ತು. ಈ ಸಲ ದಾಕ್ಷಿಣ್ಯ ನೋಡಲಿಲ್ಲ. ಆಮೇಲೆ ಮತ್ತೆ ಮತ್ತೆ ತೊಳೆಯುವುದಾಯಿತು, ಸತ್ತ ಮೂಳೆಯ ಚೂರು ತೆಗೆಯುವುದಾಯಿತು, ತೊಡೆಯ ಚರ್ಮ ತಂದು ಕಸಿ ಮಾಡುವುದಾಯಿತು. ಕಾಲು ಉಳಿಯಿತು. ಆದರೆ ಗಿಡ್ಡವಾಯಿತು, ಪಾದದ ಗಂಟು ಬಿಗಿದುಕೊಂಡಿತು. ಮಷೀನು ತುಳಿಯುವ ಭಾಗ್ಯ ಆ ಕಾಲಿಗೆ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ನಿಜ ಹೇಳಲು ಸಮಯ ಬೇಕಾದಷ್ಟಿತ್ತು. ನಾಳೆ ಹೇಳೋಣ, ಜ್ವರ ಬಿಡಲಿ, ಕಸಿ ಕೂಡಲಿ ಎಂದುಕೊಳ್ಳುತ್ತಲೇ ಡಾಕ್ಟರು ದಿನ ತಳ್ಳಿದರು.

ತಿಂಗಳುಗಳ ಮೇಲೆ ಗಂಡಹೆಂಡತಿ ತಪಾಸಣೆಗೆ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಒಬ್ಬ ಅಪರಿಚಿತ. ಮಗನ ಕಾಲು ಮುರಿದು ಆಗಷ್ಟೇ ಕರೆತಂದಿದ್ದ. ಭಾವನ ಕಾಲು ನೋಡಿ ಅವನ ಮುಖ ಬಿಳಿಚಿಕೊಂಡಿತು.

“ಯಾರು ಮಾಡಿದ್ದು ನಿಮಗೆ ಆಪರೇಷನ್?”

ಅರೆ ತೆರೆದ ಬಾಗಿಲ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಡಾಕ್ಟರಿಗೆ ಎಲ್ಲ ಕೇಳಿಸುತ್ತಿತ್ತು.

“ಯಾರೋ ಡಾಕ್ಟರು” ಎಂದರು ಭಾವ, ಪ್ಯಾಂಟಿನ ಅಂಚು ಕೆಳಗೆಳೆದುಕೊಳ್ಳುತ್ತ. “ಹೆಸರು ನೆನಪಿಲ್ಲ.”

“ಡಾಕ್ಟರದ್ದೇನು ತಪ್ಪು?” ಎಂದಳು ಅಕ್ಕ. “ಇವ್ರೇ ಕೈ ಹಾಕಿ ಕೆಡಿಸ್ಕೊಂಡಿದ್ದು.”

“ಹೌದೌದು” ಎಂದು ಭಾವ ನಕ್ಕರು.

ಡಾಕ್ಟರು ಹೊರಗೆ ಬಂದರು. ಕುರ್ಚಿಯಿಂದ ಬೆಂಚಿಗೆ ನಾಲ್ಕು ಹೆಜ್ಜೆಯೂ ಇರಲಿಲ್ಲ, ಅಷ್ಟು ದೂರ ಬರಲು ತಿಂಗಳುಗಳೇ ಹಿಡಿದಿದ್ದವು.

“ಅಕ್ಕ, ಭಾವ ಕೆಡಿಸಿದ್ದಲ್ಲ. ಮೊದಲ ದಿನ ಅದನ್ನ ಹೊಲೀಲೇಬಾರದಿತ್ತು, ತೆರೆದಿಡಬೇಕಿತ್ತು. ಗೊತ್ತಿದ್ದೂ ಹೊಲಿದೆ. ಭಾವನಿಗೆ ತೋರಿಸ್ಬೇಕು ಅಂತ ಹೊಲಿದೆ.”

ಅಕ್ಕ ತಮ್ಮನ ಮುಖ ನೋಡಿದಳು, ಆಮೇಲೆ ಗಂಡನ ಮುಖ. “ನಿಮಗೆ ಗೊತ್ತಿತ್ತಾ?”

“ಪಕ್ಕದ ಬೆಡ್ಡಿನವನ ಗಾಯ ಹೊಲೀದೆ ಹಾಗೇ ಬಿಟ್ಟಿದ್ರಲ್ಲ, ಯಾಕೆ ಅಂತ ಆ ಡಾಕ್ಟರಮ್ಮನ್ನ ಕೇಳಿದೆ. ಹೇಳಿದ್ಳು.”

“ಮತ್ತೆ ಇಷ್ಟು ದಿನ ನನ್ನ ಹತ್ರ ಬೈಸ್ಕೊಂಡು...”

“ನಂಗೆ ಅಭ್ಯಾಸ ಇದೆ. ಅವನಿಗಿಲ್ಲ.”

ಅಕ್ಕ ಗಂಡನ ಊರುಗೋಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು. ತಮ್ಮನ ಕಡೆ ಮತ್ತೆ ನೋಡಲಿಲ್ಲ. ಅವಳು ಕೆನ್ನೆಗೆ ಎರಡು ಬಿಗಿದಿದ್ದರೂ ಡಾಕ್ಟರಿಗೆ ಅದಕ್ಕಿಂತ ಹಗುರಾಗುತ್ತಿತ್ತು.

ಅಪರಿಚಿತ ಮೆಲ್ಲಗೆ ಕೇಳಿದ. “ನನ್ನ ಮಗನಿಗೂ ಇವ್ರೇನಾ ಮಾಡೋದು?”

“ಇವ್ರೇ, ನಮ್ಮ ಬಾಮೈದ” ಎಂದರು ಭಾವ. “ಹೆದರ್ಬೇಡಿ. ಮೊದಲ ದಿನ ಹೊಲಿಯಲ್ಲ.”

ಡಾಕ್ಟರು ಭಾವನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಪ್ಯಾಂಟಿನ ಅಂಚು ಮೇಲಕ್ಕೆ ಮಡಚಿದರು. ಗಾಯ ಪರೀಕ್ಷಿಸಿ ಮುಗಿದ ಮೇಲೂ ತುಂಬ ಹೊತ್ತು ತಲೆ ಎತ್ತಲಿಲ್ಲ.